ನಳಕ್ಕೆ ಎಂಟು ದಿನದ ಪಾಳಿ, ಜ್ವರಕ್ಕೂ ಅದೇ ಪಾಳಿ

ಮುಂಗಾರು ಹಿಡಿದು ನಾಲ್ಕು ವಾರ ಕಳೆಯಿತೆಂದರೆ ಹುಬ್ಬಳ್ಳಿ-ಧಾರವಾಡದ ದವಾಖಾನೆಗಳಲ್ಲಿ ಎರಡು ಹೆಸರು ಪದೇ ಪದೇ ಕೇಳುತ್ತವೆ: ಡೆಂಗಿ ಮತ್ತು ಟೈಫಾಯ್ಡ್. ಒಂದು ವೈರಸ್ಸಿನಿಂದ ಬರುವುದು, ಇನ್ನೊಂದು ಬ್ಯಾಕ್ಟೀರಿಯಾದಿಂದ. ಒಂದನ್ನು ಸೊಳ್ಳೆ ಹರಡುತ್ತದೆ, ಇನ್ನೊಂದು ಬಾಯಿಯ ಮೂಲಕ ಹೊಟ್ಟೆ ಸೇರುತ್ತದೆ. ವೈದ್ಯಕೀಯ ಪುಸ್ತಕದಲ್ಲಿ ಇವು ಬೇರೆ ಬೇರೆ ಅಧ್ಯಾಯ. ನಮ್ಮ ಕಡೆ ಮಾತ್ರ ಎರಡಕ್ಕೂ ಒಂದೇ ಬೇರಿದೆ: ನಳ ಬರುವ ಎರಡು ಪಾಳಿಗಳ ನಡುವೆ ಕಳೆಯುವ ದಿನಗಳು. ಆ ಅಂತರ ಎರಡು ದಿನವಿದ್ದಾಗ ಒಂದು ಲೆಕ್ಕ, ಎಂಟು-ಹತ್ತು ದಿನವಾದಾಗ ಇನ್ನೊಂದು ಲೆಕ್ಕ. ಗದಗ-ಬೆಟಗೇರಿ ಕಡೆಯಂತೆ ಅದಕ್ಕೂ ಮೀರಿ ಹೋದರೆ ಮೂರನೆಯ ತೊಂದರೆಯೊಂದು ಬಂದು ಸೇರುತ್ತದೆ. ಅದರ ಮಾತು ಆಮೇಲೆ.

ಮೊದಲು ಕೊಳವೆಯ ಒಳಗೆ ಏನಾಗುತ್ತದೆ ನೋಡೋಣ. ಅವಳಿನಗರಕ್ಕೆ ನೀರು ಬರುವುದು ಮುಖ್ಯವಾಗಿ ಸವದತ್ತಿ ಹತ್ತಿರದ ನವಿಲುತೀರ್ಥದ ಮಲಪ್ರಭಾ ಜಲಾಶಯದಿಂದ. ಅಮ್ಮಿನಬಾವಿಯಲ್ಲಿ ಅದನ್ನು ಸೋಸಿ, ಕ್ಲೋರಿನ್ ಬೆರೆಸಿ ಊರೊಳಗೆ ಬಿಡುತ್ತಾರೆ. ಘಟಕದಿಂದ ಹೊರಬೀಳುವಾಗ ನೀರು ಚೆನ್ನಾಗಿಯೇ ಇರುತ್ತದೆ. ಕೆಡುವುದು ಓಣಿಯಲ್ಲಿ. ವಾಲ್ವ್ ಬಂದ್ ಮಾಡಿದ ಮೇಲೆ ಕೊಳವೆ ಮೆಲ್ಲಗೆ ಬರಿದಾಗುತ್ತದೆ, ಒಳಗಿನ ಒತ್ತಡ ಸೊನ್ನೆಗಿಳಿಯುತ್ತದೆ. ತಗ್ಗಿನ ಮನೆಯವರು ಉಳಿದ ನೀರನ್ನು ಎಳೆದುಕೊಂಡರೆ ಎತ್ತರದ ಕಡೆ ಒತ್ತಡ ಸೊನ್ನೆಗಿಂತಲೂ ಕೆಳಗಿಳಿದು, ಕೊಳವೆಯೇ ಹೊರಗಿನದನ್ನು ಒಳಗೆ ಹೀರತೊಡಗುತ್ತದೆ. ಹೊರಗೆ ಇರುವುದು ಏನು? ಮಳೆಗಾಲದ ಹಸಿ ಮಣ್ಣು, ಪಕ್ಕದ ಒಳಚರಂಡಿಯ ಸೋರಿಕೆ ಮತ್ತು ಗಟಾರ. ಹಳೆಯ ಓಣಿಗಳಲ್ಲಿ ಮುಖ್ಯ ಕೊಳವೆಯಿಂದ ಮನೆಗೆ ಬರುವ ಅರ್ಧ ಇಂಚಿನ ಕಬ್ಬಿಣದ ಪೈಪು ಗಟಾರವನ್ನು ಅಡ್ಡಹಾಯ್ದೇ ಬರಬೇಕು. ಕೆಲವು ಕಡೆ ಅದು ಗಟಾರದ ನೀರಿನಲ್ಲೇ ಮುಳುಗಿರುತ್ತದೆ. ಆ ಪೈಪು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತು ಬಿದ್ದರೂ ಸಾಕು. ನೀರು ಇರುವಾಗ ಅದು ಹೊರಗೆ ಚಿಮ್ಮುತ್ತದೆ, ಇಲ್ಲದಾಗ ಗಟಾರ ಒಳಗೆ ಇಳಿಯುತ್ತದೆ.

ನಳಕ್ಕೇ ನೇರವಾಗಿ ಮೋಟರ್ ಹಚ್ಚುವವರು ಇದನ್ನು ಇನ್ನೂ ಕೆಡಿಸುತ್ತಾರೆ. ಮೋಟರ್ ನೀರನ್ನಷ್ಟೇ ಎಳೆಯುವುದಿಲ್ಲ, ಓಣಿಯ ಸಡಿಲ ಜೋಡಣೆಗಳಲ್ಲಿರುವ ರಾಡಿಯನ್ನೂ ಎಳೆಯುತ್ತದೆ. ಆ ರಾಡಿ ಮೋಟರ್ ಇಟ್ಟವರ ಟಾಕಿಗೂ ಹೋಗುತ್ತದೆ, ಪಕ್ಕದವರ ಕೊಡಕ್ಕೂ ಹೋಗುತ್ತದೆ. ಮೋಟರ್ ವಿಷಯದಲ್ಲಿ ನಮ್ಮ ಕಡೆ ಜಗಳವಾಗುವುದು ನೀರು ಯಾರಿಗೆ ಹೆಚ್ಚು ಸಿಕ್ಕಿತು ಎಂಬುದಕ್ಕೆ. ಆಗಬೇಕಾದದ್ದು ಈ ಕಾರಣಕ್ಕೆ.

ಇದು ಬರೀ ತರ್ಕವಲ್ಲ. ಹುಬ್ಬಳ್ಳಿ-ಧಾರವಾಡದ ಆಯ್ದ ಎಂಟು ವಾರ್ಡುಗಳಲ್ಲಿ 2008ರ ಹೊತ್ತಿಗೆ 24 ತಾಸು ನೀರಿನ ಪ್ರಾಯೋಗಿಕ ಯೋಜನೆ ಶುರುವಾಯಿತು. ಉಳಿದ ಊರು ಪಾಳಿಯ ಮೇಲೇ ಇತ್ತು. ಒಂದೇ ಊರು, ಒಂದೇ ಮೂಲದ ನೀರು, ಎರಡು ಬಗೆಯ ಪೂರೈಕೆ. ಸಂಶೋಧಕರಿಗೆ ಇಂಥ ಹೋಲಿಕೆ ಅಪರೂಪಕ್ಕೆ ಸಿಗುತ್ತದೆ. ನಳದಲ್ಲೇ ಹಿಡಿದ ಮಾದರಿಗಳನ್ನು ಪರೀಕ್ಷಿಸಿದಾಗ, ಮಲದ ಸೋಂಕಿನ ಗುರುತಾದ ಇ. ಕೊಲೈ ಬ್ಯಾಕ್ಟೀರಿಯಾ 24 ತಾಸಿನ ನಳಗಳಲ್ಲಿ ಶೇ 0.7ರಷ್ಟು ಮಾದರಿಗಳಲ್ಲಿ ಸಿಕ್ಕಿತು; ಪಾಳಿಯ ನಳಗಳಲ್ಲಿ ಶೇ 31.7ರಷ್ಟರಲ್ಲಿ. 2013ರಲ್ಲಿ ಪ್ರಕಟವಾದ ಲೆಕ್ಕ ಇದು. 2015ರಲ್ಲಿ ಅದೇ ವಾರ್ಡುಗಳ ಕುಟುಂಬಗಳ ಆರೋಗ್ಯದ ಲೆಕ್ಕವೂ ಬಂತು: ಟೈಫಾಯ್ಡ್ ಆಗಿದೆ ಎಂದು ಹೇಳಿದ ಮನೆಗಳು 24 ತಾಸು ನೀರಿನ ಕಡೆ ಶೇ 42ರಷ್ಟು ಕಡಿಮೆ ಇದ್ದವು.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ಯೋಜನೆಯ ಪರ ಮಾತಾಡುವವರು ಹೇಳುವುದಿಲ್ಲ. ಐದು ವರ್ಷದೊಳಗಿನ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ಮಾತ್ರ ಕಡಿಮೆಯಾಗಿತ್ತು. ಇದರಲ್ಲಿ ಅಚ್ಚರಿ ಇಲ್ಲ. ಭೇದಿಗೆ ಹತ್ತಾರು ದಾರಿಗಳಿವೆ: ತೊಳೆಯದ ಕೈ, ನೊಣ, ಮನೆ ಮುಂದಿನ ತೆರೆದ ಗಟಾರ, ನಿನ್ನೆಯ ಅನ್ನ. ಒಂದು ದಾರಿ ಮುಚ್ಚಿದರೆ ಉಳಿದವು ತೆರೆದೇ ಇರುತ್ತವೆ. ಟೈಫಾಯ್ಡಿನ ಸಾಲ್ಮೊನೆಲ್ಲಾ ಟೈಫಿ ಮನುಷ್ಯರ ದೇಹ ಬಿಟ್ಟು ಬೇರೆ ಪ್ರಾಣಿಯಲ್ಲಿ ಬೀಡುಬಿಡುವುದಿಲ್ಲ. ಒಬ್ಬರ ಮಲದಿಂದ ಇನ್ನೊಬ್ಬರ ಬಾಯಿಗೆ ಹೋಗಲು ಅದಕ್ಕೆ ನೀರೋ ಊಟವೋ ಬೇಕು. ಹಾಗಾಗಿ ಕೊಳವೆ ಸುಧಾರಿಸಿದರೆ ಮೊದಲು ಇಳಿಯುವುದು ಟೈಫಾಯ್ಡೇ.

ಪಾಳಿಯ ನೀರಿನಲ್ಲೇ ಬದುಕಬೇಕಾದವರು ಎರಡು ಹೊತ್ತನ್ನು ತಿಳಿದಿರಬೇಕು. ನಳ ಬಿಟ್ಟ ಕೂಡಲೇ ಬರುವ ನೀರು ಕೊಳವೆಯಲ್ಲಿ ಎಂಟು ದಿನ ಕೂತದ್ದನ್ನೆಲ್ಲ ಕೊಚ್ಚಿಕೊಂಡು ಬರುತ್ತದೆ. ಕೊನೆಗೆ ಧಾರೆ ಸಣ್ಣಗಾಗುವಾಗ ಒತ್ತಡ ಇಳಿದು ಹೊರಗಿನದು ಮತ್ತೆ ಒಳನುಗ್ಗುತ್ತದೆ. ಮೊದಲ ಕೊಡಗಳೂ ಕೊನೆಯ ಕೊಡಗಳೂ ಬಚ್ಚಲಿಗೆ, ಸಂಡಾಸಕ್ಕೆ. ಕುಡಿಯುವುದಕ್ಕೆ ನಡುವಿನ ನೀರು, ಧಾರೆ ಜೋರಾಗಿ ತಿಳಿಯಾಗಿ ಬೀಳುವಾಗ ಹಿಡಿದದ್ದು. ನಳ ರಾತ್ರಿ ಎರಡಕ್ಕೆ ಬಂದು, ಕಣ್ಣುಜ್ಜಿಕೊಂಡು ಕೈಗೆ ಸಿಕ್ಕ ಹಂಡೆ ಮೊದಲು ತುಂಬುವವರಿಗೆ ಇದು ಸುಲಭವಲ್ಲ. ಆದರೂ ಕುಡಿಯುವ ನೀರಿನ ಕೊಡಕ್ಕೆ ಪಾಳಿಯ ನಡುವಿನ ಹೊತ್ತನ್ನು ಕಾಯ್ದಿಡುವುದಕ್ಕೆ ಖರ್ಚೇನೂ ಇಲ್ಲ.

ಹಿಡಿದ ಮೇಲೂ ನೀರು ಕೆಡುತ್ತದೆ. ಭಾರತೀಯ ಮಾನಕದ ಪ್ರಕಾರ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ತುಂಬಿಟ್ಟ ನೀರಿನಲ್ಲಿ ಅದು ಬೇಗನೆ ಕರಗಿ ಹೋಗುತ್ತದೆ. ಎಂಟು ದಿನದ ನೀರಿಗೆ ಕಾವಲು ಇರುವುದಿಲ್ಲ. ಅಂಥ ನೀರಿಗೆ ಬೆರಳು ತಾಗುವಂತೆ ತಂಬಿಗೆ ಅದ್ದಿದರೆ ಮುಗಿಯಿತು. ಅಗಲ ಬಾಯಿಯ ಹಂಡೆಗಿಂತ ಕೆಳಗೆ ನಳ ಇರುವ ಡಬ್ಬಿ ಒಳ್ಳೆಯದು. ಅದಿಲ್ಲದಿದ್ದರೆ ಉದ್ದ ಹಿಡಿಕೆಯ ಸೌಟು ಇಡಿ, ಅದನ್ನು ಕೊಡದ ಮೇಲೆ ತೂಗುಹಾಕಿ, ನೆಲಕ್ಕೆ ಇಡಬೇಡಿ.

ಕಾವಲು ಮತ್ತೆ ತರಲು ಬ್ಲೀಚಿಂಗ್ ಪೌಡರ್ ಸಾಕು, ಆದರೆ ಅಂದಾಜಿಗೆ ಚಿಟಿಕೆ ಹಾಕುವ ರೂಢಿ ಕೆಲಸಕ್ಕೆ ಬಾರದು. ಹೊಸ ಪುಡಿಯಲ್ಲಿ ಸುಮಾರು ಶೇ 33 ಕ್ಲೋರಿನ್ ಇರುತ್ತದೆ. ಒಂದು ಲೀಟರ್ ನೀರಿಗೆ 30 ಗ್ರಾಂ ಕಲಸಿ, ಅರ್ಧ ತಾಸು ಬಿಟ್ಟು, ಮೇಲಿನ ತಿಳಿಯನ್ನು ಬಸಿದರೆ ಶೇ 1ರ ದ್ರಾವಣ ಸಿಗುತ್ತದೆ. ಅದರಲ್ಲಿ 2 ಮಿಲಿಲೀಟರ್, ಅಂದರೆ ಸೂಜಿ ಇಲ್ಲದ ಸಿರಿಂಜಿನಲ್ಲಿ 2 ಎಂದು ಬರೆದ ಗೆರೆಯವರೆಗೆ, 20 ಲೀಟರ್ ಕೊಡಕ್ಕೆ. 20 ಮಿಲಿಲೀಟರ್ 200 ಲೀಟರಿನ ಬ್ಯಾರಲ್ಲಿಗೆ. ಅರ್ಧ ತಾಸು ಕಾಯ್ದು ಕುಡಿಯಬೇಕು. ನೀರು ರಾಡಿಯಿದ್ದರೆ ಮೊದಲು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ದ್ರಾವಣ ಇಮ್ಮಡಿ ಮಾಡಿ, ಏಕೆಂದರೆ ಕ್ಲೋರಿನ್ ಮೊದಲು ಮಣ್ಣಿಗೆ ಖರ್ಚಾಗುತ್ತದೆ. ದ್ರಾವಣವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಬಾಟಲಿಯಲ್ಲಿ, ಕತ್ತಲಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಟ್ಟರೆ ಒಂದು ವಾರ ನಡೆಯುತ್ತದೆ. ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಇಟ್ಟ ಪುಡಿಯ ಚೀಲಕ್ಕೆ ವಾಸನೆ ಉಳಿದಿರುತ್ತದೆ, ಶಕ್ತಿ ಉಳಿದಿರುವುದಿಲ್ಲ. ಇಷ್ಟೆಲ್ಲ ರಗಳೆ ಬೇಡವೆಂದರೆ ಕುದಿಸಿ. ಗುಳ್ಳೆ ಎದ್ದು ಒಂದು ನಿಮಿಷ ಕೊತಕೊತ ಕುದಿದರೆ ಟೈಫಾಯ್ಡಿನ ಬ್ಯಾಕ್ಟೀರಿಯಾ ಉಳಿಯುವುದಿಲ್ಲ.

ಈಗ ಬ್ಯಾರಲ್ಲಿನ ಇನ್ನೊಂದು ಮುಖ. ಐದು ಮಂದಿಯ ಮನೆ, ಒಬ್ಬರಿಗೆ ದಿನಕ್ಕೆ 70 ಲೀಟರ್ ಎಂದು ಬಿಗಿಯಾಗಿಯೇ ಹಿಡಿದರೂ ಹತ್ತು ದಿನಕ್ಕೆ 3,500 ಲೀಟರ್ ಬೇಕು. ಸಂಪು ಇದ್ದವರಿಗೆ ಚಿಂತೆಯಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯವರು ಬ್ಯಾರಲ್, ಹಂಡೆ, ಬಕೆಟ್, ಹರವಿ, ಸಿಮೆಂಟಿನ ತೊಟ್ಟಿ ಎಂದು ಹತ್ತು-ಹನ್ನೆರಡು ಪಾತ್ರೆ ತುಂಬಿಡುತ್ತಾರೆ. ಅಂದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹತ್ತು-ಹನ್ನೆರಡು ತೊಟ್ಟಿಲು. ಈಡಿಸ್‌ಗೆ ಗಟಾರದ ಕೊಳಕು ಬೇಡ, ಮನೆಯೊಳಗಿನ ತಿಳಿನೀರೇ ಬೇಕು. ಮೊಟ್ಟೆಯಿಂದ ರೆಕ್ಕೆ ಬಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ. ಪಾಳಿಯ ಲೆಕ್ಕವೂ ಸೊಳ್ಳೆಯ ಲೆಕ್ಕವೂ ಒಂದಕ್ಕೊಂದು ಹೊಂದುವುದು ಇಲ್ಲೇ. ಮೂರು ದಿನಕ್ಕೊಮ್ಮೆ ನಳ ಬರುವಲ್ಲಿ ಪಾತ್ರೆಗಳು ಬರಿದಾಗಿ ಮತ್ತೆ ತುಂಬುತ್ತವೆ, ಮರಿಹುಳ ನೀರಿನೊಂದಿಗೆ ಬಚ್ಚಲಿಗೆ ಹೋಗುತ್ತದೆ. ಎಂಟು ದಿನಕ್ಕೊಮ್ಮೆ ಬರುವಲ್ಲಿ, ಅದೂ ಹೇಳಿದ ದಿನ ಬರುತ್ತದೆಂಬ ಖಾತ್ರಿ ಇಲ್ಲದಲ್ಲಿ, ಯಾರೂ ಕೊನೆಯ ಬ್ಯಾರಲ್ ಮುಟ್ಟುವುದಿಲ್ಲ. ಅದು ಆಪತ್ತಿಗೆ. ನಳ ಬಂದಾಗ ಅದರ ಮೇಲೇ ಹೊಸ ನೀರು ಬೀಳುತ್ತದೆ. ತಳದ ನೀರಿಗೆ ತಿಂಗಳಾಗಿರುತ್ತದೆ. ಸಮೀಕ್ಷೆಗೆ ಬಂದವರು ಮೊದಲು ಟಾರ್ಚ್ ಬಿಡಬೇಕಾದದ್ದು ಮೂಲೆಯ ಆ ಬ್ಯಾರಲ್ಲಿಗೆ.

ನಮ್ಮ ಕಡೆ ಹಳೇ ನೀರು ಚೆಲ್ಲಿ ಹೊಸ ನೀರು ತುಂಬುವ ಪದ್ಧತಿಯೂ ಇದೆ. ನೀರು ಪೋಲು ಎಂದು ಬೈಯುವವರು ಬೈಯಲಿ, ಸೊಳ್ಳೆಯ ದೃಷ್ಟಿಯಿಂದ ಅದು ಅರ್ಧ ಸರಿ. ಅರ್ಧವೇಕೆಂದರೆ ಈಡಿಸ್ ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಮಟ್ಟಕ್ಕಿಂತ ಕೂದಲೆಳೆ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ. ಬರಿಗಣ್ಣಿಗೆ ಸಾಸಿವೆಗಿಂತ ಚಿಕ್ಕ ಕರಿ ಚುಕ್ಕೆಗಳು. ನೀರು ಚೆಲ್ಲಿದರೂ ಅವು ಅಂಟಿಕೊಂಡೇ ಇರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ನೀರು ತಾಗಿದ ಕೂಡಲೇ ಒಡೆಯುತ್ತವೆ. ಬೇಸಿಗೆಯಲ್ಲಿ ಒಣಗಿ ಬಿದ್ದ ಡ್ರಮ್ಮಿನಿಂದ ಮೊದಲ ಮಳೆಗೇ ಸೊಳ್ಳೆ ಏಳುವುದು ಹೀಗೆ. ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ತೆಂಗಿನ ನಾರಿನಿಂದ ಒಳಗೋಡೆ ತಿಕ್ಕಬೇಕು, ಮುಖ್ಯವಾಗಿ ನೀರಿನ ಗುರುತು ಕಾಣುವ ಪಟ್ಟಿಯನ್ನು. ತಳ ತೊಳೆದು ಗೋಡೆ ಬಿಟ್ಟರೆ ಏನೂ ತೊಳೆದಂತಾಗಲಿಲ್ಲ.

ಮುಚ್ಚಳವಿಲ್ಲದ ಬ್ಯಾರಲ್ಲಿಗೆ ಹಳೇ ಧೋತರದ ಬಟ್ಟೆ ಕಟ್ಟುವುದು ಸರಿ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದರೆ ಚೆನ್ನಾಗಿ ಕೂಡುತ್ತದೆ. ಬಟ್ಟೆ ಜೋತುಬಿದ್ದು ನೀರಿಗೆ ತಾಗಿದರೆ ಮಾತ್ರ ಕೆಲಸ ಕೆಟ್ಟಿತು, ಒದ್ದೆ ಬಟ್ಟೆಯ ಮೇಲೂ ಸೊಳ್ಳೆ ಮೊಟ್ಟೆ ಇಡುತ್ತದೆ. ಬರಿದು ಮಾಡಲಾಗದ ದೊಡ್ಡ ತೊಟ್ಟಿಗೆ ಆರೋಗ್ಯ ಸಿಬ್ಬಂದಿ ಹಾಕುವ, ಮರಿಹುಳ ಕೊಲ್ಲುವ ಟೆಮಿಫಾಸ್ ಔಷಧ ಇದೆ, ಲೀಟರಿಗೆ 1 ಮಿಲಿಗ್ರಾಂ ಪ್ರಮಾಣದಲ್ಲಿ. ಆ ಪ್ರಮಾಣದಲ್ಲಿ ಅದನ್ನು ಕುಡಿಯುವ ನೀರಿಗೂ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ವಾಸನೆ ಬರುತ್ತದೆಂದು ಸಿಬ್ಬಂದಿ ಹೋದ ಮೇಲೆ ಜನ ತೊಟ್ಟಿ ಚೆಲ್ಲಿಬಿಡುತ್ತಾರೆ, ಅಲ್ಲಿಗೆ ಔಷಧವೂ ಹೋಯಿತು. ಅಂಥ ಮನೆಗೆ ಮರಿಹುಳ ತಿನ್ನುವ ಗಪ್ಪಿ ಮೀನು ಮೇಲು. ಸಂಜೆ ಓಣಿಯಲ್ಲಿ ಹೊಗೆ ಬಿಡುವ ಗಾಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ: ಈಡಿಸ್ ಹಗಲು ಕಚ್ಚುವ ಸೊಳ್ಳೆ, ಮನೆಯೊಳಗೆ ಕಾಟಿನ ಕೆಳಗೆ, ತೂಗಿಬಿಟ್ಟ ಅಂಗಿಯ ಹಿಂದೆ ಕೂತಿರುತ್ತದೆ, ಹೊಗೆ ರಸ್ತೆಯಲ್ಲಿ ಹೋಗುತ್ತದೆ. ಸೊಳ್ಳೆ ಹೆಚ್ಚೆಂದರೆ ಕೆಲವು ನೂರು ಮೀಟರ್ ಹಾರೀತು. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದು, ಇಲ್ಲವೇ ಪಕ್ಕದ ಮನೆಯದು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಡುವ ನಗರದ ಮನೆಗಳಿಗೆ 400 ರೂಪಾಯಿ, ಹಳ್ಳಿಯ ಮನೆಗಳಿಗೆ 200 ರೂಪಾಯಿ ದಂಡ ಗೊತ್ತು ಮಾಡಿತು. ಖಾಲಿ ಸೈಟು, ಕಟ್ಟಡದ ಕೆಲಸ ನಡೆಯುವ ಜಾಗಗಳಿಗೆ ದಂಡ ಇನ್ನೂ ಹೆಚ್ಚು, ಅದು ನ್ಯಾಯವೇ. ಎಂಟು ದಿನಕ್ಕೊಮ್ಮೆ ನೀರು ಕೊಟ್ಟು, ತುಂಬಿಟ್ಟುಕೊಂಡವರಿಗೆ ದಂಡ ಹಾಕುವುದು ಮಾತ್ರ ನನಗೆ ಅರಗುವುದಿಲ್ಲ.

ರೋಗಾಣು ಒಳಹೋದ ಮೇಲಿನ ಕಥೆಯಲ್ಲಿ ನಮ್ಮ ಊಟ-ಗುಳಿಗೆಗಳ ಪಾಲೂ ಇದೆ. ಟೈಫಾಯ್ಡಿನ ಬ್ಯಾಕ್ಟೀರಿಯಾಕ್ಕೆ ಮೊದಲ ಅಡ್ಡಗೋಡೆ ಜಠರದ ಆಮ್ಲ. ಬಹಳಷ್ಟು ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತವೆ. ನಮ್ಮಲ್ಲಿ ಸಂಜೆ ಗಿರ್ಮಿಟ್ಟು, ಮಿರ್ಚಿ, ಮೇಲೊಂದು ಖಡಕ್ ಚಹಾ, ಬೆಳಿಗ್ಗೆ ಎದೆಯುರಿ, ಔಷಧದ ಅಂಗಡಿಯಿಂದ ಚೀಟಿ ಇಲ್ಲದೆ ತಂದ ಪ್ಯಾಂಟೊಪ್ರಜೋಲೋ ಒಮೆಪ್ರಜೋಲೋ, ತಿಂಗಳುಗಟ್ಟಲೆ. ಈ ಗುಳಿಗೆ ಆಮ್ಲವನ್ನು ತಗ್ಗಿಸುತ್ತದೆ, ಆಗ ಕಡಿಮೆ ಸಂಖ್ಯೆಯ ಬ್ಯಾಕ್ಟೀರಿಯಾವೇ ಸೋಂಕು ತರಲು ಸಾಕಾಗುತ್ತದೆ. ಹುಣ್ಣು ಇದ್ದವರಿಗೆ, ರಕ್ತ ತೆಳು ಮಾಡುವ ಗುಳಿಗೆ ತಿನ್ನುವ ಕೆಲವರಿಗೆ ಅದು ಬೇಕೇ ಬೇಕು. ಅವರು ತಾವಾಗಿ ಬಿಡಬಾರದು. ಬರೀ ‘ಗ್ಯಾಸ್’ ಎಂದು ತಿನ್ನುವವರು ಡಾಕ್ಟರನ್ನು ಕೇಳಿ ನಿಲ್ಲಿಸಬಹುದು. ಡೆಂಗಿಯ ಕಡೆ ಇದರ ಜೋಡಿ ಸಕ್ಕರೆ ಕಾಯಿಲೆ: ವೈರಸ್ ಅದೇ, ಸಕ್ಕರೆ ಹತೋಟಿಯಲ್ಲಿಲ್ಲದ ದೇಹದಲ್ಲಿ ಅದು ಗಂಭೀರವಾಗುವ ಸಾಧ್ಯತೆ ಹೆಚ್ಚು.

ಪರೀಕ್ಷೆಯಲ್ಲೇ ಎಡವುವುದು ಇನ್ನೊಂದು. ಜ್ವರ ಬಂದ ಎರಡನೇ ದಿನಕ್ಕೆ ವೈಡಾಲ್ ಮಾಡಿಸಿ ‘ಟೈಫಾಯ್ಡ್ ಪಾಸಿಟಿವ್’ ಎಂದು ಚೀಟಿ ಹಿಡಿಯುವುದು ನಮ್ಮ ಭಾಗದ ದೊಡ್ಡ ಗೊಂದಲ. ವೈಡಾಲ್ ನೋಡುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ಮಾಡಿದ ಪ್ರತಿಕಾಯಗಳನ್ನು. ಅವು ಏಳುವುದೇ ಮೊದಲ ವಾರದ ಕೊನೆಗೆ. ಹಳೆಯ ಸೋಂಕಿನವು, ಬೇರೆ ಸಾಲ್ಮೊನೆಲ್ಲಾದವು ಕೂಡ ಪಾಸಿಟಿವ್ ತೋರಿಸಬಲ್ಲವು. ಟೈಫಾಯ್ಡ್ ಹೆಚ್ಚಿರುವ ಊರಿನಲ್ಲಿ ಒಂದೇ ಸಲದ ವೈಡಾಲಿಗೆ ಬೆಲೆ ಕಡಿಮೆ. ಖಾತ್ರಿ ಮಾಡುವುದು ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ, ಅದೂ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲು, ಮೊದಲ ವಾರದಲ್ಲಿ. ಯಾವ ಔಷಧ ನಾಟುತ್ತದೆಂದು ಹೇಳುವುದೂ ಅದೇ. ಹಿಂದೆ ರಾಮಬಾಣವಾಗಿದ್ದ ಸಿಪ್ರೊಫ್ಲಾಕ್ಸಸಿನ್ ಈಗ ದೇಶದ ಬಹುತೇಕ ತಳಿಗಳಿಗೆ ನಾಟುವುದಿಲ್ಲ. ಗುಣವಾದವರಲ್ಲಿ ಶೇ 2ರಿಂದ 5 ಮಂದಿಯ ಪಿತ್ತಕೋಶದಲ್ಲಿ ಬ್ಯಾಕ್ಟೀರಿಯಾ ಉಳಿದು, ಅವರಿಗೆ ಗೊತ್ತಿಲ್ಲದೆ ವರ್ಷಗಟ್ಟಲೆ ಹೊರಬರುತ್ತಿರುತ್ತದೆ. ಮದುವೆ ಮನೆಯ ಅಡುಗೆಯವರಲ್ಲಿ ಅಂಥವರು ಒಬ್ಬರಿದ್ದರೂ ಕೊಳವೆ ದೋಷವಿಲ್ಲದೆ ಟೈಫಾಯ್ಡ್ ಹಬ್ಬೀತು.

ಡೆಂಗಿಯಲ್ಲಿ ತಪ್ಪು ಬೇರೆ ಬಗೆಯದು. ಮೊದಲ ಐದು ದಿನ ವೈರಸ್ಸಿನ ಅಂಶವನ್ನೇ ಹುಡುಕುವ ಎನ್‌ಎಸ್‌1 ಪರೀಕ್ಷೆ, ಆಮೇಲೆ ಪ್ರತಿಕಾಯ ಹುಡುಕುವ ಐಜಿಎಂ. ಹೊತ್ತು ತಪ್ಪಿಸಿ ಮಾಡಿದರೆ ರೋಗವಿದ್ದೂ ನೆಗೆಟಿವ್ ಬರುತ್ತದೆ. ಮನೆಯವರೆಲ್ಲ ಪ್ಲೇಟ್ಲೆಟ್ ಸಂಖ್ಯೆ ಹಿಡಿದು ಕೂರುತ್ತಾರೆ, ಪಪ್ಪಾಯಿ ಎಲೆ ಹುಡುಕಿಕೊಂಡು ಓಣಿ ಸುತ್ತುತ್ತಾರೆ. ಅಪಾಯ ತರುವುದು ರಕ್ತನಾಳದಿಂದ ದ್ರವ ಸೋರುವುದು, ಅದು ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. ‘ಜ್ವರ ಬಿಟ್ಟೈತಿ, ಆರಾಮ ಅದಾನ’ ಎಂದು ಮನೆಗೆ ಕರೆತರುವ ದಿನವೇ ಕಣ್ಣಿಟ್ಟು ನೋಡಬೇಕಾದ ದಿನ. ಬಿಡದ ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡಿನ ರಕ್ತ, ತಣ್ಣಗಾದ ಕೈಕಾಲು, ಆರು ತಾಸು ಮೂತ್ರವಿಲ್ಲದಿರುವುದು, ಮಂಕು: ಇದರಲ್ಲಿ ಒಂದು ಕಂಡರೂ ದವಾಖಾನೆಗೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಬೇಡ. ಮೈಕೈ ನೋವಿಗೆಂದು ಕೊಡುವ ಡೈಕ್ಲೊಫೆನಾಕ್ ಸೂಜಿ, ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ.

ಗದಗಿನ ಕಡೆ ಬರೋಣ. ಇಲ್ಲಿ ಹೊಳೆ ನೀರು ಬರುವುದು ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನಿಂದ, ತುಂಗಭದ್ರೆಯದು. ಪಾಳಿ ಹದಿನೈದು ದಿನ ದಾಟಿದಾಗ ಯಾವ ಮನೆಯ ಬ್ಯಾರಲ್ಲೂ ಸಾಲುವುದಿಲ್ಲ. ಜನ ಬೋರ್‌ವೆಲ್ಲಿಗೆ ತಿರುಗುತ್ತಾರೆ. ಮುಂಡರಗಿ, ಶಿರಹಟ್ಟಿ, ರೋಣದ ಸುತ್ತಿನ ಗಟ್ಟಿ ಕಲ್ಲಿನ ನೆಲದಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದಷ್ಟೂ ಫ್ಲೋರೈಡ್ ಹೆಚ್ಚು ಕರಗುತ್ತದೆ. ಬೋರ್ ಆಳಕ್ಕಿಳಿದಂತೆ ಸಿಗುವುದು ಅಂಥ ಹಳೆಯ ನೀರೇ. ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5. ಎಂಟು ವರ್ಷ ವಯಸ್ಸಿನೊಳಗೆ ಅದಕ್ಕಿಂತ ಹೆಚ್ಚಿನದನ್ನು ಕುಡಿದ ಮಕ್ಕಳ ಶಾಶ್ವತ ಹಲ್ಲಿನ ಮೇಲೆ ಸುಣ್ಣದ ಬಿಳಿಯ, ಆಮೇಲೆ ಕಂದು ಪಟ್ಟೆ ಮೂಡುತ್ತವೆ. ಅವು ತಿಕ್ಕಿದರೆ ಹೋಗುವುದಿಲ್ಲ. ವರ್ಷಾನುಗಟ್ಟಲೆ ಹೆಚ್ಚಿನ ಪ್ರಮಾಣ ಕುಡಿದವರಿಗೆ ಸೊಂಟ, ಕುತ್ತಿಗೆ, ಮೊಣಕಾಲು ಬಿಗಿಯುತ್ತವೆ. ವಾಯು ಎಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಿರುತ್ತಾರೆ.

ಹುಬ್ಬಳ್ಳಿಯ ಉಪಾಯ ಇಲ್ಲಿ ನಡೆಯುವುದಿಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ, ಸಾಂದ್ರತೆ ಏರುತ್ತದೆ. ಕ್ಲೋರಿನ್, ಯುವಿ, ಬಟ್ಟೆ ಸೋಸುವಿಕೆ ಯಾವುದೂ ತಾಗದು. ಇಲ್ಲಿ ಆರ್‌ಒ ಯಂತ್ರ, ಅಂದರೆ ನೀರನ್ನು ತೆಳು ಪೊರೆಯ ಮೂಲಕ ಒತ್ತಿ ಸೋಸುವುದು, ನಿಜಕ್ಕೂ ಬೇಕು. ಮಲಪ್ರಭೆಯ ನೀರು ಬರುವ ಮನೆಯಲ್ಲಿ ಅದೇ ಯಂತ್ರ ಬಹಳ ಸಲ ಬರೀ ಖರ್ಚು, ಜೊತೆಗೆ ಒಂದು ಕೊಡ ತೆಗೆಯಲು ಎರಡು-ಮೂರು ಕೊಡ ಗಟಾರಕ್ಕೆ. ಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ ನೀರು ಬಿತ್ತು ಎಂಬುದು ಸಾಕ್ಷಿಯಲ್ಲ. ಪೊರೆ ಹಳತಾಗಿ ಸೀಳಿದರೂ ನೀರು ಬೀಳುತ್ತದೆ, ಫ್ಲೋರೈಡ್ ಸಮೇತ. ಗ್ರಾಮ ಪಂಚಾಯಿತಿಗೆ ಜಲಜೀವನ್ ಮಿಷನ್ನಿನಲ್ಲಿ ಬಂದ ಪರೀಕ್ಷಾ ಕಿಟ್ಟಿನಲ್ಲಿ ಫ್ಲೋರೈಡಿನ ಬಣ್ಣದ ಪಟ್ಟಿಯೂ ಇರುತ್ತದೆ. ಘಟಕದ ಒಳಬರುವ ನೀರನ್ನೂ ಹೊರಬರುವ ನೀರನ್ನೂ ತಿಂಗಳಿಗೊಮ್ಮೆ ಪಕ್ಕಪಕ್ಕ ಇಟ್ಟು ನೋಡಿದರೆ ಪೊರೆ ಬದಲಿಸುವ ಹೊತ್ತು ತಾನೇ ತಿಳಿಯುತ್ತದೆ. ಊಟದಲ್ಲಿ ಹಾಲು-ಮಜ್ಜಿಗೆ, ಸೊಪ್ಪು, ನೆಲ್ಲಿಕಾಯಿ ಇದ್ದರೆ ಹಾನಿ ಸ್ವಲ್ಪ ತಗ್ಗುತ್ತದೆ. ಅಡಿಕೆ, ಕಪ್ಪುಪ್ಪು, ದಿನಕ್ಕೆ ಏಳೆಂಟು ಸಲದ ಚಹಾ ಫ್ಲೋರೈಡನ್ನು ಇನ್ನಷ್ಟು ಸೇರಿಸುತ್ತವೆ.

ಪ್ರತಿ ಮಳೆಗಾಲವೂ ಎಷ್ಟು ಡೆಂಗಿ, ಎಷ್ಟು ಟೈಫಾಯ್ಡ್ ಎಂಬ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಯಾವ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಟ್ಟರು ಎಂಬುದು ಅದರ ಪಕ್ಕದಲ್ಲಿ ಬರುವುದಿಲ್ಲ. ಆ ಮಾಹಿತಿ ಇಲ್ಲದೆ ಇಲ್ಲ, ನೀರು ಬಿಡುವ ವಾಲ್ವ್‌ಮನ್ ಬಳಿ ಪಾಳಿಯ ಪಟ್ಟಿ ಇರುತ್ತದೆ. ಆಶಾ ಕಾರ್ಯಕರ್ತೆಯರು ಮನೆ ಮನೆ ತಿರುಗಿ ಬರೆದುಕೊಳ್ಳುವ ಲಾರ್ವಾ ಸಮೀಕ್ಷೆಯಲ್ಲಿ ನೂರು ಮನೆಗೆ ಎಷ್ಟು ಪಾತ್ರೆಗಳಲ್ಲಿ ಹುಳ ಸಿಕ್ಕವು ಎಂಬ ಸಂಖ್ಯೆಯೂ ಇರುತ್ತದೆ. ಒಂದು ಪಟ್ಟಿ ನೀರು ಸರಬರಾಜಿನವರ ಕಡೆ, ಇನ್ನೊಂದು ಆರೋಗ್ಯ ಇಲಾಖೆಯ ಕಡೆ. ಎರಡನ್ನೂ ವಾರ್ಡುವಾರು ಒಂದೇ ಹಾಳೆಗೆ ತಂದು ಮೇ ತಿಂಗಳಲ್ಲೇ ಪ್ರಕಟಿಸಿದರೆ, ಪಾಳಿ ಏಳು ದಿನ ದಾಟಿದ ವಾರ್ಡುಗಳಿಗೆ ಟ್ಯಾಂಕರ್, ಗಪ್ಪಿ ಮೀನು, ಕ್ಲೋರಿನ್ ಗುಳಿಗೆ ಜೂನ್ ಮಳೆಗೆ ಮುಂಚೆ ತಲುಪಿಸಬಹುದು. ಇದಕ್ಕೆ ಹೊಸ ಯೋಜನೆ, ಹೊಸ ಟೆಂಡರ್ ಯಾವುದೂ ಬೇಡ.